ಸೆಕ್ಸ್ ಥೆರಪಿಸ್ಟ್: ಯಾರು, ಹೇಗೆ, ಯಾಕೆ

ಸೈಕಾಲಜಿ ಓದುವ ಮಕ್ಕಳು ಈಚೆಗೆ ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ನೀವು ಮಾಡೋ ಕೆಲಸಕ್ಕೆ ಯಾವ ಕೋರ್ಸು ಮಾಡ್ಬೇಕು?" ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿ ಕಡೆ ಡಿಗ್ರಿ ಮುಗಿಸಿ ಮೈಸೂರಿಗೋ ಮಂಗಳೂರಿಗೋ ಮುಂದಿನ ಓದಿಗೆ ಹೊರಟವರು. ಮನೆಯಲ್ಲಿ 'ಫ್ಯಾಮಿಲಿ ಕೌನ್ಸೆಲಿಂಗ್' ಅಂತ ಹೇಳಿರುತ್ತಾರೆ. ನನ್ನ ಹತ್ತಿರ ಮಾತ್ರ ದನಿ ತಗ್ಗಿಸಿ 'ಸೆಕ್ಸ್ ಥೆರಪಿ' ಅನ್ನುತ್ತಾರೆ. ಈ ದನಿ ತಗ್ಗಿಸುವುದನ್ನು ಬಿಡುವುದೇ ಮೊದಲನೇ ಸೆಮಿಸ್ಟರ್ ಎಂದು ನಾನು ಅರ್ಧ ತಮಾಷೆಗೆ ಹೇಳುವುದುಂಟು.

ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇಲ್ಲ. ಭಾರತದಲ್ಲಿ ಸೆಕ್ಸ್ ಥೆರಪಿಸ್ಟ್ ಎಂಬ ಹೆಸರಿಗೆ ಪ್ರತ್ಯೇಕ ಪರವಾನಗಿ ಎಂಬುದೇ ಇಲ್ಲ. ಹಾಗಾಗಿ ಯಾರು ಬೇಕಾದರೂ ಬೋರ್ಡು ತೂಗುಹಾಕಬಹುದು; ತೂಗುಹಾಕಿದ್ದಾರೆ ಕೂಡ. ಬಸ್ ನಿಲ್ದಾಣದ ಶೌಚಾಲಯದ ಗೋಡೆಗೆ ಅಂಟಿಸಿದ 'ಗುಪ್ತರೋಗ, ನರದೌರ್ಬಲ್ಯ, ಶೀಘ್ರ ಸ್ಖಲನಕ್ಕೆ ಗ್ಯಾರಂಟಿ ಚಿಕಿತ್ಸೆ' ಎಂಬ ಚೀಟಿ, ಅದರ ಕೆಳಗೆ ಯಾವುದೋ ಲಾಡ್ಜಿನ ಹೆಸರು ಮತ್ತು ಡಾಕ್ಟರು ಸಿಗುವ ವಾರ, ಇದನ್ನು ನೋಡದೆ ಬೆಳೆದವರು ಕರ್ನಾಟಕದಲ್ಲಿ ಕಡಿಮೆ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರಲ್ಲೇ ಕಾಯಿದೆ ಮಾಡಿ ನಿಷೇಧಿಸಲಾಗಿದೆ. ಆ ಚೀಟಿಗಳಿಗೆ ಕಾಯಿದೆಯ ಪರಿಚಯ ಇದ್ದಂತಿಲ್ಲ.

ಆದ್ದರಿಂದ ಈ ಕೆಲಸ ಏನು ಅಲ್ಲ ಎಂಬುದರಿಂದಲೇ ಶುರುಮಾಡುತ್ತೇನೆ. ಇದು ಮಾತಿನ ಚಿಕಿತ್ಸೆ. ಬಂದವರು ಬಟ್ಟೆ ಕಳಚುವುದಿಲ್ಲ. ನಾನು ಯಾರನ್ನೂ ಮುಟ್ಟುವುದಿಲ್ಲ. ದೇಹ ಪರೀಕ್ಷೆ ಬೇಕಿದ್ದರೆ ಅದು ಸ್ತ್ರೀರೋಗ ತಜ್ಞರದೋ ಮೂತ್ರರೋಗ ತಜ್ಞರದೋ ಕೆಲಸ. ನನ್ನ ಕೋಣೆಯಲ್ಲಿರುವುದು ಮೂರು ಕುರ್ಚಿ, ಸರಿಯಾಗಿ ಮುಚ್ಚುವ ಬಾಗಿಲು, ಒಂದು ಗಂಟೆ ಸಮಯ. ಇಲ್ಲಿ ಮುಂದೆ ಬರುವ ಉದಾಹರಣೆಗಳಲ್ಲಿ ಯಾವುದೂ ಯಾರೊಬ್ಬರ ನಿಜ ಕಥೆಯೂ ಅಲ್ಲ. ಹಲವರಲ್ಲಿ ಮತ್ತೆ ಮತ್ತೆ ಕಾಣುವುದನ್ನು ಸೇರಿಸಿ ಕಟ್ಟಿದ್ದು. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಎರಡು ವಿವರ ಹೇಳಿದರೆ ಸಾಕು, ಮನೆ ಹೆಸರು ಗೊತ್ತಾಗಿಬಿಡುತ್ತದೆ.

ಬಂದವರೆಲ್ಲರಿಗೂ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಿಲ್ಲ ಎಂಬುದು ಈ ಕ್ಷೇತ್ರಕ್ಕೆ ಗೊತ್ತಾಗಿ ಬಹಳ ಕಾಲವಾಯಿತು. 1976ರಲ್ಲಿ ಜಾಕ್ ಆನನ್ ಎಂಬ ಮನಶ್ಶಾಸ್ತ್ರಜ್ಞ ನಾಲ್ಕು ಮೆಟ್ಟಿಲಿನ ಒಂದು ಕ್ರಮ ರೂಪಿಸಿದ: ಅನುಮತಿ, ಬೇಕಾದಷ್ಟೇ ಮಾಹಿತಿ, ನಿರ್ದಿಷ್ಟ ಸಲಹೆ, ಕೊನೆಗೆ ಆಳವಾದ ಚಿಕಿತ್ಸೆ. ಮೇಲೆ ಹೋದಂತೆ ಜನ ಕಡಿಮೆಯಾಗುತ್ತಾರೆ. ಬಹಳಷ್ಟು ಮಂದಿಯ ತೊಡಕು ಮೊದಲೆರಡು ಮೆಟ್ಟಿಲಿನಲ್ಲೇ ಬಿಡಿಸಿಕೊಳ್ಳುತ್ತದೆ.

ಅನುಮತಿ ಎಂದರೆ ಏನು? ಐವತ್ತು ದಾಟಿದ ಹೆಂಗಸೊಬ್ಬರು ಬರುತ್ತಾರೆ. ಮುಟ್ಟು ನಿಂತಿದೆ, ಮಗಳ ಮದುವೆಯಾಗಿದೆ. "ಈಗಲೂ ಆಸೆ ಆಗ್ತದೆ, ಇದು ಸರಿಯಾ?" ಎಂದು ಕೇಳುತ್ತಾರೆ. ಸರಿ, ಸಹಜ, ಎಷ್ಟೋ ಜನರಿಗೆ ಹಾಗೆಯೇ ಇರುತ್ತದೆ. ಅಷ್ಟೇ ಚಿಕಿತ್ಸೆ. ಯೋನಿ ಒಣಗಿ ನೋವಾಗುತ್ತಿದ್ದರೆ ಅದಕ್ಕೆ ಜಾರುವ ಜೆಲ್ ಸಿಗುತ್ತದೆ, ಸ್ತ್ರೀರೋಗ ತಜ್ಞರ ಹತ್ತಿರ ಹಾರ್ಮೋನ್ ಕ್ರೀಮೂ ಇದೆ ಎಂದರೆ ಎರಡನೇ ಮೆಟ್ಟಿಲೂ ಮುಗಿಯಿತು.

ಎರಡನೇ ಮೆಟ್ಟಿಲಿನಲ್ಲಿ ನಾನು ಹೆಚ್ಚು ಕಾಣುವುದು ಸೇನೆಗೆ ಸೇರಲು ತಯಾರಿ ಮಾಡುವ ವಯಸ್ಸಿನ ಹುಡುಗರನ್ನು. ನಮ್ಮಲ್ಲಿ ಊರಿಗೊಬ್ಬರಾದರೂ ಬೆಳಿಗ್ಗೆ ಐದಕ್ಕೆ ರಸ್ತೆಯಲ್ಲಿ ಓಡುತ್ತಿರುತ್ತಾರಲ್ಲ. ಓಟದಲ್ಲಿ ದಮ್ಮು ಸಾಲುತ್ತಿಲ್ಲ, ಕಾಲು ಸೋಲುತ್ತದೆ, ಕಾರಣ ರಾತ್ರಿ ಸ್ವಪ್ನದಲ್ಲಿ ಧಾತು ಹೋಗುವುದು ಎಂಬ ನಂಬಿಕೆ. ಇಷ್ಟು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ ಎಂದು ಯಾರೋ ಲೆಕ್ಕ ಹೇಳಿರುತ್ತಾರೆ. ಈ ಭಯಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ: ಧಾತ್ ಸಿಂಡ್ರೋಮ್. 1960ರಲ್ಲಿ ಆ ಹೆಸರು ಕೊಟ್ಟವರು ಮನೋವೈದ್ಯ ಎನ್.ಎನ್. ವಿಗ್. ರಕ್ತದಿಂದ ವೀರ್ಯ ಆಗುವುದಿಲ್ಲ. ವೃಷಣಗಳು ವೀರ್ಯಾಣುಗಳನ್ನು ದಿನವೂ ತಯಾರಿಸುತ್ತಲೇ ಇರುತ್ತವೆ, ಉಳಿದ ದ್ರವ ಪ್ರಾಸ್ಟೇಟ್ ಮೊದಲಾದ ಗ್ರಂಥಿಗಳಿಂದ ಬರುತ್ತದೆ. ಹೊರಹೋಗದಿದ್ದರೆ ದೇಹವೇ ಅದನ್ನು ಹೀರಿಕೊಳ್ಳುತ್ತದೆ. ಇಷ್ಟನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರೆ ಕೆಲವರ ಮುಖ ಅಲ್ಲೇ ಸಡಿಲಾಗುತ್ತದೆ. ಎಲ್ಲರದೂ ಅಲ್ಲ. ಸುಸ್ತಿನ ಹಿಂದೆ ಖಿನ್ನತೆ ಇರಬಹುದು, ಆತಂಕ ಇರಬಹುದು. 'ಅದೆಲ್ಲ ಮೂಢನಂಬಿಕೆ ಹೋಗು' ಎಂದು ಗದರಿ ಕಳಿಸುವವರು ಡಾಕ್ಟರೇ ಆಗಿದ್ದರೂ ಚಿಕಿತ್ಸೆ ಮಾಡಿದಂತಾಗುವುದಿಲ್ಲ. ಹುಡುಗ ನೇರ ಆ ಗೋಡೆ ಚೀಟಿಯ ಲಾಡ್ಜಿಗೆ ಹೋಗುತ್ತಾನೆ.

ಮೂರನೇ ಮೆಟ್ಟಿಲಿಗೆ ಹೋಗುವ ಮೊದಲು ದೇಹವನ್ನು ಒಮ್ಮೆ ನೋಡಿಸಲೇಬೇಕು. ಇದು ನಾನು ಪಟ್ಟು ಹಿಡಿಯುವ ವಿಷಯ. ಐವತ್ತರ ಆಸುಪಾಸಿನ ಗಂಡಸು ನಿಮಿರುವಿಕೆ ಸರಿ ಇಲ್ಲ ಎಂದು ಬಂದರೆ ಮಾತಿಗಿಂತ ಮುಂಚೆ ಶುಗರ್, ಬಿಪಿ, ಕೊಲೆಸ್ಟರಾಲ್ ಪರೀಕ್ಷೆ. ಶಿಶ್ನಕ್ಕೆ ರಕ್ತ ಒಯ್ಯುವ ನಾಳಗಳು ಒಂದೆರಡು ಮಿಲಿಮೀಟರ್ ದಪ್ಪದವು. ಹೃದಯದ ನಾಳಗಳು ಮೂರು ನಾಲ್ಕು ಮಿಲಿಮೀಟರ್. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ: ನೀರಿನಲ್ಲಿ ಕೆಸರಿದ್ದರೆ ಮೊದಲು ಕಟ್ಟಿಕೊಳ್ಳುವುದು ನಾಜಲ್, ಪೈಪ್ ಆಮೇಲೆ. ನಿಮಿರುವಿಕೆಯ ತೊಂದರೆ ಎಷ್ಟೋ ಸಲ ಹೃದಯದ ಕಾಯಿಲೆ ಬರುವ ಕೆಲವು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಬಿಪಿಯ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳೂ ಆಸೆಯನ್ನೋ ಸ್ಖಲನವನ್ನೋ ಏರುಪೇರು ಮಾಡುತ್ತವೆ. ಸಂಜೆಯ ಎರಡು ಪೆಗ್ಗು ಸಂಕೋಚ ಕಳೆಯುತ್ತದೆ, ನಾಲ್ಕನೆಯದು ನಿಮಿರುವಿಕೆಯನ್ನೂ ಕಳೆಯುತ್ತದೆ. ಹಬ್ಬ, ಮದುವೆ, ಬೇಟೆಯ ಕಥೆಗಳ ನಡುವೆ ಕುಡಿತ ಸಹಜವಾಗಿರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳುವುದು ಜನಪ್ರಿಯ ಮಾತಲ್ಲ. ಇನ್ನು 1998ರಲ್ಲಿ ಅಮೆರಿಕದಲ್ಲಿ ಮಂಜೂರಾದ ವಯಾಗ್ರಾ, ಅಂದರೆ ಸಿಲ್ಡೆನಾಫಿಲ್, ಒಳ್ಳೆಯ ಔಷಧಿ. ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು. ಮೆಡಿಕಲ್ ಶಾಪಿನಲ್ಲಿ ಗೆಳೆಯನ ಹೆಸರು ಹೇಳಿ ಕೊಳ್ಳುವ ವಸ್ತುವಲ್ಲ ಅದು.

ನಿರ್ದಿಷ್ಟ ಸಲಹೆಗೆ ಒಂದು ಉದಾಹರಣೆ ಸಾಕು. 'ನನಗೆ ಆಸೆಯೇ ಬರುವುದಿಲ್ಲ, ಆದರೆ ಶುರುವಾದ ಮೇಲೆ ಚೆನ್ನಾಗಿರುತ್ತದೆ' ಎನ್ನುವ ಹೆಂಗಸರು ತುಂಬ. ತಮ್ಮಲ್ಲಿ ಏನೋ ಕೊರತೆ ಇದೆ ಅಂದುಕೊಂಡಿರುತ್ತಾರೆ. ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ 2000ದಲ್ಲಿ ಮುಂದಿಟ್ಟ ಮಾದರಿ ಇದನ್ನೇ ಹೇಳುತ್ತದೆ: ಬಹಳ ಹೆಂಗಸರಲ್ಲಿ ಆಸೆ ಮೊದಲು ಬಂದು ಸ್ಪರ್ಶ ಆಮೇಲೆ ಅಲ್ಲ, ಹತ್ತಿರ ಕೂತು, ಮಾತಾಡಿ, ಮುಟ್ಟಿ, ಆಮೇಲೆ ಆಸೆ. ಡಿಸೆಂಬರಿನಿಂದ ಕಾಫಿ ಕೊಯ್ಲು ಮುಗಿಯುವವರೆಗೆ ಆಳುಗಳ ಲೆಕ್ಕ, ಕಣದ ಕಾವಲು, ಮಕ್ಕಳ ಪರೀಕ್ಷೆ ಎಂದು ಸೊರಗಿದ ಹೆಂಡತಿಗೆ ರಾತ್ರಿ ಹನ್ನೊಂದಕ್ಕೆ ಆಸೆ ತಾನಾಗಿ ಹುಟ್ಟಲಿಲ್ಲ ಎಂದರೆ ಅದು ಕಾಯಿಲೆಯಲ್ಲ. ಆಗ ಗಂಡನಿಗೆ ಕೊಡುವ ಸಲಹೆ ಹಾಸಿಗೆಗಿಂತ ಅಡುಗೆಮನೆಗೆ ಸಂಬಂಧಿಸಿದ್ದಾಗಿರುತ್ತದೆ.

ನಾಲ್ಕನೇ ಮೆಟ್ಟಿಲನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಈ ವೃತ್ತಿಯ ನಿಜವಾದ ಕಸುಬು ಕಾಣುವುದು ಅಲ್ಲೇ. ಮದುವೆಯಾಗಿ ನಾಲ್ಕೈದು ವರ್ಷ, ಮಕ್ಕಳಿಲ್ಲ. ಸ್ಕ್ಯಾನು, ರಕ್ತಪರೀಕ್ಷೆ, ವೀರ್ಯಪರೀಕ್ಷೆ ಎಲ್ಲ ಆಗಿ ಎಲ್ಲವೂ ಸರಿ ಎಂದು ಬಂದಿದೆ. ಸೇರುವುದು ಆಗುತ್ತಿದೆಯೇ ಎಂದು ಯಾರೂ ಬಿಡಿಸಿ ಕೇಳಿಲ್ಲ, ಕೇಳಿದವರಿಗೆ ಇಬ್ಬರೂ 'ಹ್ಞೂಂ' ಅಂದಿದ್ದಾರೆ. ನಿಜವೆಂದರೆ ಒಮ್ಮೆಯೂ ಆಗಿಲ್ಲ. ಪ್ರಯತ್ನಿಸಿದಾಗೆಲ್ಲ ಆಕೆಯ ಯೋನಿಯ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಉರಿಯುವಂತೆ ನೋವು. ಆಕೆ ಬೇಕೆಂದು ಮಾಡುವುದಲ್ಲ, ಬೇಡವೆಂದರೂ ನಿಲ್ಲಿಸಲಾಗುವುದಿಲ್ಲ. ವೆಜೈನಿಸ್ಮಸ್ ಎಂದು ಇದರ ಹೆಸರು. ನೋವು ಮತ್ತು ಬಿಗಿತವನ್ನು ಬೇರ್ಪಡಿಸುವುದು ಕಷ್ಟ ಎಂದು 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿ ಎರಡನ್ನೂ ಒಟ್ಟಿಗೇ ಸೇರಿಸಿದೆ. ಕಾರಣ ಮೊದಲ ರಾತ್ರಿಯ ಬಗ್ಗೆ ಗೆಳತಿಯರು ಹೇಳಿದ ಭಯದ ಕಥೆ ಇರಬಹುದು, ಹಿಂದೆಂದೋ ಆದ ದೌರ್ಜನ್ಯ ಇರಬಹುದು, ಕೆಲವೊಮ್ಮೆ ಯಾವ ಕಾರಣವೂ ಸಿಗುವುದಿಲ್ಲ.

ಈ ನಡುವೆ ಗಂಡನ ಕಥೆಯೂ ಕೆಡುತ್ತದೆ. ನೋಯಿಸಿಬಿಟ್ಟೇನೆಂಬ ಭಯ, 'ಈ ಸಲವಾದರೂ' ಎಂಬ ಒತ್ತಡ. ಭಯವಾದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ, ಅದು ಶಿಶ್ನದ ರಕ್ತನಾಳಗಳನ್ನು ಸಂಕುಚಿಸುತ್ತದೆ, ನಿಮಿರುವಿಕೆ ಇಳಿಯುತ್ತದೆ. ಮುಂದಿನ ಸಲ ಅದು ಇಳಿಯುತ್ತದೆಯೋ ಎಂದು ತನ್ನನ್ನೇ ತಾನು ಹೊರಗೆ ನಿಂತು ನೋಡುತ್ತಿರುತ್ತಾನೆ, ನೋಡುತ್ತಿರುವುದರಿಂದಲೇ ಇಳಿಯುತ್ತದೆ. ಹೀಗೆ ಒಂದು ಸಮಸ್ಯೆ ಎರಡಾಗಿ, ಎರಡೂ ಒಂದನ್ನೊಂದು ಸಾಕುತ್ತವೆ.

ಈ ಸುತ್ತನ್ನು ಮುರಿಯುವ ಉಪಾಯ ಕೊಟ್ಟವರು ಅಮೆರಿಕದ ಸೇಂಟ್ ಲೂಯಿಯ ಸ್ತ್ರೀರೋಗ ತಜ್ಞ ವಿಲಿಯಂ ಮಾಸ್ಟರ್ಸ್ ಮತ್ತು ಆತನ ಸಹೋದ್ಯೋಗಿ ವರ್ಜೀನಿಯಾ ಜಾನ್ಸನ್, 1970ರಲ್ಲಿ. ಮೊದಲ ಹೆಜ್ಜೆ ಕೇಳಿದರೆ ದಂಪತಿ ಬೆಚ್ಚುತ್ತಾರೆ: ಇನ್ನು ಕೆಲವು ವಾರ ಸೇರುವ ಪ್ರಯತ್ನವನ್ನೇ ಮಾಡಬೇಡಿ. ಅದರ ಬದಲು ವಾರಕ್ಕೆರಡು ಮೂರು ಸಲ, ಸರದಿಯಂತೆ ಒಬ್ಬರು ಇನ್ನೊಬ್ಬರ ಕೈ, ಬೆನ್ನು, ಕಾಲು, ಮುಖ ಮುಟ್ಟುವುದು. ಸ್ತನ, ಜನನಾಂಗ ಬೇಡ. ಖುಷಿಪಡಿಸಬೇಕೆಂಬ ಗುರಿಯೂ ಬೇಡ. ಚರ್ಮ ಬೆಚ್ಚಗಿದೆಯೇ, ಒರಟೇ, ನಯವೇ ಎಂಬುದರ ಮೇಲಷ್ಟೇ ಗಮನ. ಪರೀಕ್ಷೆಯೇ ಇಲ್ಲದಿದ್ದರೆ ಫೇಲಾಗುವ ಭಯವೂ ಇಲ್ಲವಲ್ಲ. ವಾರಗಳು ಕಳೆದಂತೆ ಒಂದೊಂದೇ ಗಡಿ ತೆರೆಯುತ್ತದೆ. ಜೊತೆಗೆ ಆಕೆ ಉಸಿರಾಟದೊಂದಿಗೆ ಸ್ನಾಯು ಬಿಗಿದು ಬಿಡುವ ಅಭ್ಯಾಸ ಮಾಡುತ್ತಾಳೆ. ಸ್ತ್ರೀರೋಗ ತಜ್ಞರ ಸಲಹೆಯಂತೆ ತೆಳುವಿನಿಂದ ದಪ್ಪಕ್ಕೆ ಹೋಗುವ ಡೈಲೇಟರುಗಳನ್ನು, ಅಂದರೆ ಯೋನಿಯೊಳಗೆ ಇಡುವ ನಯವಾದ ಕಡ್ಡಿಗಳನ್ನು, ತಾನೇ, ತನ್ನ ಕೈಯಿಂದ, ತನಗೆ ಒಗ್ಗುವ ವೇಗದಲ್ಲಿ ಬಳಸುತ್ತಾಳೆ. ನಿಯಂತ್ರಣ ಆಕೆಯ ಕೈಯಲ್ಲಿರುವುದೇ ಇಲ್ಲಿ ಔಷಧಿ. ಬಹಳ ಜೋಡಿಗಳಲ್ಲಿ ಇದು ಗುಣವಾಗುವ ಸಮಸ್ಯೆ.

ಪುಸ್ತಕದಲ್ಲಿ ಇದು ಸಲೀಸು. ಪುಸ್ತಕ ಬರೆದವರು ಒಳಗಿನಿಂದ ಚಿಲಕ ಹಾಕುವ ಬೆಡ್‌ರೂಮು, ಖಾಲಿ ಸಂಜೆ, ಬೇರೆ ಯಾರೂ ಇಲ್ಲದ ಮನೆಯನ್ನು ಊಹಿಸಿಕೊಂಡಿರುತ್ತಾರೆ. ಅತ್ತೆ-ಮಾವ ಪಕ್ಕದ ಕೋಣೆಯಲ್ಲಿ, ಮರದ ಅಟ್ಟ ಕಾಲಿಟ್ಟರೆ ಕಿರ್ ಅನ್ನುವ ಹಳೆ ಮನೆಯಲ್ಲಿ ಇದನ್ನು ಹೇಗೆ ಹೊಂದಿಸುವುದು? ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಮಕ್ಕಳೊಡನೆ ಮಲಗುವ ದಂಪತಿಗೆ? ಮಳೆಗಾಲ ಇದಕ್ಕೆ ವರ ಎಂದು ನನ್ನ ಅನುಭವ. ಜುಲೈನಲ್ಲಿ ಹಂಚಿನ ಮೇಲೆ ಬೀಳುವ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಲೈನ್ ಮನೆಯವರಿಗೆ ತೋಟದ ಕೆಲಸಕ್ಕೆ ರಜೆ ಇದ್ದು ಮಕ್ಕಳು ಶಾಲೆಗೆ ಹೋದ ಮಧ್ಯಾಹ್ನ. ಚಿಕಿತ್ಸಕರಾಗುವವರು ಕಲಿಯಬೇಕಾದದ್ದರಲ್ಲಿ ಅರ್ಧ ಇಂಥದೇ. ಯಾವ ಸಿಲೆಬಸ್ಸಿನಲ್ಲೂ ಇಲ್ಲ.

ಸಂಬಂಧದ ಕೆಲಸ ಬೇರೆ, ಲೈಂಗಿಕತೆಯ ಕೆಲಸ ಬೇರೆ ಎಂದು ಹೊರಗಿನಿಂದ ಕಾಣುತ್ತದೆ. ಒಳಗೆ ಬಂದರೆ ಗೆರೆ ಎಳೆಯುವುದು ಕಷ್ಟ. ಫೌಜಿ ಮನೆಗಳನ್ನೇ, ಅಂದರೆ ಗಂಡ ಸೇನೆಯಲ್ಲಿರುವ ಮನೆಗಳನ್ನೇ ನೋಡಿ. ತಿಂಗಳುಗಟ್ಟಲೆ ತೋಟ, ಮಾವನ ಔಷಧಿ, ಮಗನ ಫೀಸು ಎಲ್ಲ ಒಬ್ಬಳೇ ನಿಭಾಯಿಸಿದ ಹೆಂಡತಿ. ಎಷ್ಟೋ ತಿಂಗಳಿನಿಂದ ಈ ರಜೆಗೇ ಕಾದ ಗಂಡ. ಮೊದಲ ವಾರವೇ ಜಗಳ. ಆಕೆ ಪ್ರಶ್ನೆ ಕೇಳುತ್ತಾಳೆ, ಆತ ಮೌನವಾಗುತ್ತಾನೆ. ಮೌನ ಕಂಡು ಆಕೆಯ ದನಿ ಏರುತ್ತದೆ, ದನಿ ಏರಿದ್ದಕ್ಕೆ ಆತ ಎದ್ದು ತೋಟಕ್ಕೆ ಹೋಗುತ್ತಾನೆ. ರಾತ್ರಿ ಇಬ್ಬರೂ ಗೋಡೆ ಕಡೆ ಮುಖ. 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ಬೆಳೆಸಿದ, ಭಾವನೆಗಳನ್ನು ಕೇಂದ್ರಕ್ಕಿಟ್ಟ ಜೋಡಿ ಚಿಕಿತ್ಸೆ ಹಿಡಿಯುವುದು ಈ ಬೆನ್ನಟ್ಟುವ-ಓಡುವ ಆಟವನ್ನೇ. ಯಾರು ಸರಿ ಎಂದು ತೀರ್ಪು ಕೊಡುವುದಿಲ್ಲ. ಕೂಗಿನ ಹಿಂದೆ 'ನಾನು ನಿಮಗೆ ಬೇಕೋ ಬೇಡವೋ' ಎಂಬ ಅಂಜಿಕೆ, ಮೌನದ ಹಿಂದೆ 'ಏನು ಮಾಡಿದರೂ ಸಾಲದು' ಎಂಬ ಸೋಲು ಇದೆ ಎಂಬುದನ್ನು ಇಬ್ಬರೂ ಪರಸ್ಪರರ ಬಾಯಿಂದಲೇ ಕೇಳುವಂತೆ ಮಾಡುವುದು. ಮನೆಯಲ್ಲಿ ಹೊಡೆತ ಇದ್ದರೆ ಮಾತ್ರ ಇಬ್ಬರನ್ನೂ ಒಟ್ಟಿಗೆ ಕೂರಿಸುವುದಿಲ್ಲ. ಕೋಣೆಯಲ್ಲಿ ಬಾಯಿಬಿಟ್ಟದ್ದಕ್ಕೆ ಆಕೆ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ.

ಈಗ ಕೋರ್ಸಿನ ಮಾತು. ಬುನಾದಿಗೆ ದಾರಿ ಮೂರು. ಎಂಬಿಬಿಎಸ್ ಮಾಡಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.; ಸೈಕಾಲಜಿಯಲ್ಲಿ ಸ್ನಾತಕೋತ್ತರ ಪದವಿ, ಮುಂದೆ ಕ್ಲಿನಿಕಲ್ ಸೈಕಾಲಜಿ; ಅಥವಾ ಎಂ.ಎಸ್.ಡಬ್ಲ್ಯು. ಮಾಡಿ ಮನೋವೈದ್ಯಕೀಯ ಸಮಾಜಕಾರ್ಯ. ಮಾತ್ರೆ ಬರೆಯುವ ಅಧಿಕಾರ ಇವರಲ್ಲಿ ವೈದ್ಯರಿಗೆ ಮಾತ್ರ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ಬಹುಕಾಲದಿಂದ ಅದಕ್ಕಿದ್ದ ದಾರಿ ನಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಎಂ.ಫಿಲ್. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟು, ಈ ವಿಷಯಕ್ಕೆ ಕೆಲಕಾಲ ಮಾತ್ರ ವಿನಾಯಿತಿ ಕೊಟ್ಟಿತು. ಹಾಗಾಗಿ ಸೀಟು ಹಿಡಿಯುವ ಮೊದಲು ಆ ಪದವಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೀವೇ ನೋಡಿಕೊಳ್ಳಿ, ಕಾಲೇಜಿನವರ ಬಾಯಿಮಾತು ನಂಬಬೇಡಿ. ಇತರ ಸೈಕಾಲಜಿಸ್ಟರು, ಆಪ್ತಸಮಾಲೋಚಕರನ್ನು ನಿಯಮದೊಳಗೆ ತರಲು 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯಿದೆ ಬಂದಿದೆ.

ಇದರ ಮೇಲೆ ಲೈಂಗಿಕ ಚಿಕಿತ್ಸೆಯ ತರಬೇತಿ. ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳು ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ಅವುಗಳಿಂದ ಮಾಹಿತಿ ಸಿಗಬಹುದು, ಕೈ ಪಳಗುವುದಿಲ್ಲ. ಕೈ ಪಳಗುವುದು ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ, ವರ್ಷಗಟ್ಟಲೆ ಪ್ರತಿ ಕೇಸನ್ನೂ ಅವರ ಮುಂದಿಟ್ಟು ಬೈಸಿಕೊಂಡಾಗ. ವರ್ಜೀನಿಯಾ ಜಾನ್ಸನ್‌ಗೆ ಡಿಗ್ರಿಯೇ ಇರಲಿಲ್ಲ ಎಂದು ಕೆಲವು ವಿದ್ಯಾರ್ಥಿಗಳು ನನಗೆ ನೆನಪಿಸುತ್ತಾರೆ. ನಿಜ. ಅವರ ಹಿಂದೆ ವರ್ಷಗಟ್ಟಲೆ ಪ್ರಯೋಗಾಲಯದ ದುಡಿಮೆ ಇತ್ತು ಎಂಬುದನ್ನೂ ನೆನಪಿಟ್ಟುಕೊಂಡರೆ ಒಳ್ಳೆಯದು.

ಅಮೆರಿಕದಲ್ಲಿ 1967ರಲ್ಲಿ ಶುರುವಾದ ಆಸೆಕ್ಟ್ ಎಂಬ ಸೆಕ್ಸ್ ಥೆರಪಿಸ್ಟರ ವೃತ್ತಿಸಂಘ ಸರ್ಟಿಫಿಕೇಟ್ ಕೊಡುವ ಮೊದಲು ಒಂದು ವಿಚಿತ್ರ ಷರತ್ತು ಹಾಕುತ್ತದೆ: ಕಲಿಯುವವರು ತಮ್ಮದೇ ಲೈಂಗಿಕ ಧೋರಣೆಗಳನ್ನು ಗುಂಪಿನಲ್ಲಿ ಕೂತು ಪರಿಶೀಲಿಸಿಕೊಳ್ಳಬೇಕು. ಯಾವುದು ನನಗೆ ಅಸಹ್ಯ, ಯಾವುದು ಕೇಳಿದರೆ ಮುಖ ಕಿವಿಚುತ್ತದೆ, ಯಾವುದನ್ನು ಪಾಪ ಎಂದು ಬೆಳೆಸಿದ್ದಾರೆ. ಇದು ನಮ್ಮಲ್ಲೂ ಕಡ್ಡಾಯ ಆಗಬೇಕಿತ್ತು. ಗಂಡಸನ್ನೇ ಪ್ರೀತಿಸುವ ಮಗನನ್ನು 'ಸರಿಮಾಡಿ ಕೊಡಿ' ಎಂದು ಅಪ್ಪ ಕರೆತಂದಾಗ ಚಿಕಿತ್ಸಕರ ಮುಖದಲ್ಲಿ ಏನು ಮೂಡುತ್ತದೆ ಎಂಬುದೇ ಮೊದಲ ಚಿಕಿತ್ಸೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 'ಸರಿಮಾಡುವ' ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿತು. ಆ ಅಪ್ಪನಿಗೆ ಇದನ್ನು ಹೇಳಬೇಕು, ಅವಮಾನವಾಗದಂತೆ ಹೇಳಬೇಕು.

ಗುಟ್ಟು ಕಾಯುವುದು ಕಾನೂನಿನ ಕಟ್ಟಳೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲೇ ಅದಿದೆ. ಅದಕ್ಕೆ ಅಪವಾದಗಳೂ ಇವೆ: ಹದಿನೆಂಟು ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೋಕ್ಸೊ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲ ದಿನವೇ ಹೇಳಿ ಶುರುಮಾಡುವುದು ಸರಿಯಾದ ಕ್ರಮ. ಆದರೆ ಕೊಡಗಿನಲ್ಲಿ ಗುಟ್ಟೆಂದರೆ ಕಾನೂನಿಗಿಂತ ಭೂಗೋಳದ ಪ್ರಶ್ನೆ. ಇಲ್ಲಿ ಎಲ್ಲರೂ ಯಾವುದೋ ಕಡೆಯಿಂದ ನೆಂಟರು. ಯಾರೂ ನೋಡಬಾರದೆಂದು ಮೈಸೂರಿಗೆ ಹೋದರೂ ಕ್ಲಿನಿಕ್ಕಿನ ಎದುರು ಕೊಡಗಿನದೇ ಇನ್ನೊಂದು ಕೆಎ 12 ಕಾರು ನಿಂತಿರುತ್ತದೆ. ವಿಡಿಯೊ ಕಾಲ್ ಅನುಕೂಲ ಮಾಡಿಕೊಟ್ಟಿದೆ, ಕರೆಂಟು ಮತ್ತು ಸಿಗ್ನಲ್ ಇದ್ದರೆ. ಸಿಗ್ನಲ್ ಸಿಗುವ ತಿರುವಿನಲ್ಲಿ ಜೀಪು ನಿಲ್ಲಿಸಿ, ಗಾಜು ಏರಿಸಿ ಮಾತಾಡುವವರು ನನಗೆ ಹೊಸಬರಲ್ಲ. ಮದುವೆ ಮಂಟಪದಲ್ಲಿ ನನ್ನ ಹತ್ತಿರ ಬಂದುಹೋದವರು ಎದುರಾದರೆ ನಾನಾಗಿ ಗುರುತು ಹಿಡಿಯುವುದಿಲ್ಲ. ಅವರು ಮಾತಾಡಿಸಿದರೆ ಮಳೆ, ಕರಿಮೆಣಸಿನ ರೇಟು. ಸೊಕ್ಕಿನವಳು ಎಂಬ ಹೆಸರು ಇದರಿಂದ ಬಂದಿದ್ದರೆ ಬರಲಿ.

ಇಷ್ಟೆಲ್ಲ ರಗಳೆ ಇದ್ದರೂ ಜನ ಯಾಕೆ ಈ ಕೆಲಸಕ್ಕೆ ಬರುತ್ತಾರೆ? ಹಣಕ್ಕಂತೂ ಅಲ್ಲ, ಸಣ್ಣ ಊರಿನಲ್ಲಿ ಇದೊಂದರಿಂದಲೇ ಮನೆ ನಡೆಸುವುದು ಕಷ್ಟ, ಹೆಚ್ಚಿನವರು ಬೇರೆ ಕೌನ್ಸೆಲಿಂಗೂ ಪಾಠವೂ ಮಾಡುತ್ತಾರೆ. ಹಿಂದಿನವರನ್ನು ನೋಡಿದರೆ ಎಲ್ಲರೂ ಬೇರೆಲ್ಲಿಂದಲೋ ಜಾರಿ ಬಂದವರೇ. ಅಮೆರಿಕನ್ನರ ಲೈಂಗಿಕ ನಡವಳಿಕೆಯನ್ನು ಸಮೀಕ್ಷೆ ಮಾಡಿದ ಆಲ್ಫ್ರೆಡ್ ಕಿನ್ಸೆ ಮೊದಲು ಕಣಜದ ಹುಳುಗಳ ಅಧ್ಯಯನ ಮಾಡುತ್ತಿದ್ದ ಜೀವವಿಜ್ಞಾನಿ. 1921ರಲ್ಲೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದ ರ.ಧೋ. ಕರ್ವೆ ಗಣಿತದ ಮೇಷ್ಟ್ರು. ಇದೇ ವಿಷಯಕ್ಕೆ ಕೆಲಸ ಕಳೆದುಕೊಂಡೂ 1927ರಿಂದ 1953ರವರೆಗೆ ಮರಾಠಿಯಲ್ಲಿ ಪತ್ರಿಕೆ ನಡೆಸಿದರು. ಮುಂಬಯಿಯ ಮಹಿಂದರ್ ವತ್ಸ ಸ್ತ್ರೀರೋಗ ತಜ್ಞರು. ಎಂಬತ್ತು ದಾಟಿದ ಮೇಲೆ ದಿನಪತ್ರಿಕೆಯಲ್ಲಿ ಓದುಗರ ಲೈಂಗಿಕ ಪ್ರಶ್ನೆಗಳಿಗೆ ತಮಾಷೆಯಾಗಿ, ನೇರವಾಗಿ ಉತ್ತರಿಸಿ ಮನೆಮಾತಾದರು. 2020ರ ಕೊನೆಯಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮಲ್ಲಿ ಡಾ. ಅನುಪಮಾ ನಿರಂಜನ ವೈದ್ಯೆಯಾಗಿ ದಾಂಪತ್ಯ, ಬಸಿರು, ಬಾಣಂತನದ ಬಗ್ಗೆ ಸಲೀಸಾದ ಕನ್ನಡದಲ್ಲಿ ಬರೆದು ಎಷ್ಟೋ ಮನೆಗಳ ಒಳಕೋಣೆಗೆ ಮಾತು ತಲುಪಿಸಿದರು.

ನನ್ನ ಮಟ್ಟಿಗೆ ಹೇಳುವುದಾದರೆ, ಹಿಡಿದಿಟ್ಟಿರುವುದು ಲೆಕ್ಕ ತಪ್ಪುವ ಒಂದು ಸಂಗತಿ. ದುಃಖದ ಗಾತ್ರಕ್ಕೂ ಅದನ್ನು ಕಳೆಯಲು ಬೇಕಾದ ಮಾತಿನ ಗಾತ್ರಕ್ಕೂ ಇಲ್ಲಿ ತಾಳೆಯೇ ಇರುವುದಿಲ್ಲ. ಹತ್ತು ವರ್ಷ ತನ್ನನ್ನು ತಾನು ಗಂಡಸಲ್ಲ ಅಂದುಕೊಂಡವನಿಗೆ ಬೇಕಾಗಿದ್ದದ್ದು ಒಂದು ಶುಗರ್ ಟೆಸ್ಟು, ಎರಡು ಗಂಟೆ ಮಾತು. ಮನೋವೈದ್ಯಕೀಯದ ಬೇರೆ ಮೂಲೆಗಳಲ್ಲಿ ಇಂಥ ಅದೃಷ್ಟ ಅಪರೂಪ. ಎಲ್ಲ ಕೇಸೂ ಹೀಗಿರುವುದಿಲ್ಲ. ದೌರ್ಜನ್ಯ ಅನುಭವಿಸಿದವರೊಡನೆ ಕೆಲಸ ವರ್ಷಗಟ್ಟಲೆ ಹೋಗುತ್ತದೆ, ಆ ದಿನ ಮನೆಗೆ ಬಂದು ಯಾರೊಡನೆಯೂ ಮಾತು ಬೇಡ ಅನಿಸುತ್ತದೆ. ಕುತೂಹಲಕ್ಕಾಗಿ ಬಂದವರು ಅಷ್ಟರಲ್ಲಿ ಬಿಟ್ಟುಹೋಗಿರುತ್ತಾರೆ.

ವೃತ್ತಿಗಾಗಿ ಅಲ್ಲ, ತಮ್ಮದೇ ತೊಂದರೆಗಾಗಿ ಇದನ್ನು ಓದಿದವರಿಗೆ: ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲ ತಪಾಸಣೆ ಮಾಡಿಸಿಕೊಳ್ಳಬಹುದು. ಯಾರ ಹತ್ತಿರ ಹೋದರೂ ಅವರ ಮೂಲ ಪದವಿ ಯಾವುದು, ಎಲ್ಲಿ ನೋಂದಣಿ ಆಗಿದೆ, ಬೇಕಾದರೆ ಯಾವ ಡಾಕ್ಟರಿಗೆ ಕಳಿಸುತ್ತಾರೆ ಎಂದು ಕೇಳಿ, ಸರಿಯಾದವರು ಸಿಟ್ಟಾಗುವುದಿಲ್ಲ. ಮೂರು ತಿಂಗಳ ಚಿಕಿತ್ಸೆಯ ಕೋರ್ಸಿಗೆಂದು ಮುಂಗಡ ಹಣ ಕೇಳಿದರೆ ಎದ್ದು ಬನ್ನಿ.